ಕೊಡಗಿನಲ್ಲಿ ಗಾಳ ಹಾಕುವವರಿಗೆ: ತೋಟದ ಕೆರೆಯಿಂದ ಕಾವೇರಿಯ ಬಿಳಿಮೀನಿನವರೆಗೆ

ರಜೆಗೆಂದು ಕೊಡಗಿಗೆ ಹೊರಟ ಗೆಳೆಯರು ಗಾಳದ ವಿಷಯ ಎತ್ತಿದರೆ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ದೊಡ್ಡ ಮೀನು ಎಲ್ಲಿ ಸಿಗುತ್ತದೆ?’ ನಾನು ಅವರನ್ನು ನೇರವಾಗಿ ಕಾವೇರಿಗೆ ಕಳುಹಿಸುವುದಿಲ್ಲ. ಎರಡು ದಿನ ಕಾಫಿ ತೋಟದ ಕೆರೆಯ ದಂಡೆಯಲ್ಲಿ ಕುಳಿತು ಬನ್ನಿ ಎನ್ನುತ್ತೇನೆ. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ಬೆಂಡು ಅಲುಗುವ ರೀತಿಯನ್ನು ನೋಡಿ ಕೆಳಗಿರುವ ಮೀನು ಯಾವುದೆಂದು ಊಹಿಸಲು ಕಲಿತವರಿಗೆ ಹೊಳೆಯ ನೀರನ್ನು ಓದುವುದು ಬೇಗ ಹಿಡಿತಕ್ಕೆ ಬರುತ್ತದೆ. ಅದು ಬಂದ ಮೇಲೆಯೇ ಬಿಳಿಮೀನಿನ ಮಾತು. ಮಹಶೀರ್ ಎಂದು ಪುಸ್ತಕಗಳು ಕರೆಯುವ ಮೀನನ್ನು ಕಾವೇರಿ ದಂಡೆಯ ಜನ ಬಿಳಿಮೀನು ಎನ್ನುತ್ತಾರೆ. ಅದನ್ನು ಹಿಡಿಯುವುದಕ್ಕಿಂತ ಜೀವಂತವಾಗಿ ಹಿಂದಕ್ಕೆ ಬಿಡುವುದಕ್ಕೆ ಹೆಚ್ಚು ಕೌಶಲ ಬೇಕು. ಆದ್ದರಿಂದ ಈ ಬರಹ ಕೆರೆಯಿಂದ ಆರಂಭವಾಗಿ ಜಲಾಶಯ ದಾಟಿ ಹೊಳೆಗೆ ಹೋಗುತ್ತದೆ. ನೀವೂ ಅದೇ ಕ್ರಮದಲ್ಲಿ ಹೋಗಿ.

ಗಾಳ ಬಿಚ್ಚುವ ಮೊದಲು ಅನುಮತಿ

ಕೊಡಗಿನ ನೀರೆಲ್ಲ ಎಲ್ಲರಿಗೂ ತೆರೆದಿಲ್ಲ. ನಾಗರಹೊಳೆ ರಾಷ್ಟ್ರೀಯ ಉದ್ಯಾನ ಮತ್ತು ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಜೀವಿಧಾಮಗಳೊಳಗಿನ ಹೊಳೆ, ತೊರೆಗಳಲ್ಲಿ ಗಾಳ ಹಾಕಬಾರದು. ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಕಾಲಿಡುವುದೇ ತಪ್ಪು. ಕಾವೇರಿಯ ಕೆಳಹರಿವಿನ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಗಾಳ ಹಾಕಿದ ಕಥೆಗಳನ್ನು ಹಿರಿಯರಿಂದ ಕೇಳಿರುತ್ತೀರಿ. ಅವು ವನ್ಯಜೀವಿಧಾಮದ ಒಳಗಿವೆ, ಆ ಕಾಲ ಮುಗಿದಿದೆ.

ದೇವಸ್ಥಾನದ ಮಡುಗಳ ಮೀನನ್ನಂತೂ ಮುಟ್ಟುವ ಮಾತೇ ಇಲ್ಲ. ರಾಮನಾಥಪುರ, ಶೃಂಗೇರಿ, ಶಿಶಿಲಗಳಲ್ಲಿ ಅವು ದೇವರ ಮೀನುಗಳು. ಆದರೆ ಗಾಳ ಹಾಕುವವರು ಒಮ್ಮೆಯಾದರೂ ಅಲ್ಲಿಗೆ ಹೋಗಬೇಕೆಂದು ನಾನು ಒತ್ತಾಯಿಸುತ್ತೇನೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಒಂದು ಹಿಡಿ ಮಂಡಕ್ಕಿ ಹಾಕಿ ನೋಡಿ. ದೊಡ್ಡ ಮೀನು ಯಾವ ಕಡೆ ಮುಖ ಮಾಡಿ ನಿಲ್ಲುತ್ತದೆ, ತುತ್ತನ್ನು ಹೇಗೆ ಒಳಗೆಳೆದುಕೊಂಡು ಮತ್ತೆ ಉಗುಳುತ್ತದೆ, ಮೆಟ್ಟಿಲ ಮೇಲೆ ನೆರಳು ಬಿದ್ದರೆ ಎಷ್ಟು ದೂರ ಸರಿಯುತ್ತದೆ ಎಂಬುದೆಲ್ಲ ಕಣ್ಣೆದುರಿಗೇ ಕಾಣುತ್ತದೆ. ಅರ್ಧ ಗಂಟೆ ಅಲ್ಲಿ ಕುಳಿತರೆ ಹೊಳೆಯಲ್ಲಿ ಹತ್ತು ದಿನ ಅಲೆದು ಕಲಿಯುವಷ್ಟನ್ನು ಕಲಿಯಬಹುದು.

ಉಳಿದ ಕಡೆ ಯಾರನ್ನು ಕೇಳಬೇಕು? ತೋಟದ ಕೆರೆಗೆ ತೋಟದ ಮಾಲೀಕರ ಒಪ್ಪಿಗೆ ಸಾಕು. ಜಲಾಶಯಕ್ಕೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಜೊತೆಗೆ ಅಲ್ಲಿ ಮೀನು ಹಿಡಿಯುವ ಹಕ್ಕು ಪಡೆದ ಸ್ಥಳೀಯರಿದ್ದರೆ ಅವರಿಗೂ ಒಂದು ಮಾತು ಹೇಳಬೇಕು. ವಾಲ್ನೂರು ಭಾಗದ ಕಾವೇರಿಯನ್ನು ಕೊಡಗು ವನ್ಯಜೀವಿ ಸಂಘ ಬಹುಕಾಲದಿಂದ ಕಾಯುತ್ತ ಬಂದಿದೆ. ಅಲ್ಲಿ ಮೊದಲು ಸಂಘವನ್ನು ಸಂಪರ್ಕಿಸಿ, ಆ ವರ್ಷದ ನಿಯಮ ಏನೆಂದು ತಿಳಿದುಕೊಂಡ ಮೇಲೆಯೇ ಕೋಣೆ ಕಾಯ್ದಿರಿಸಿ. ರೆಸಾರ್ಟಿನ ಮಾತು ನಂಬಿ ಹೋಗಬೇಡಿ. ‘ನಮ್ಮ ಹಿಂದೆಯೇ ಹೊಳೆ ಇದೆ, ಯಾರೂ ಕೇಳುವುದಿಲ್ಲ’ ಎಂದ ಒಂದು ಅತಿಥಿಗೃಹದ ಮಾತು ಕೇಳಿ ನಾನು ಅರ್ಧ ದಿನ ಅರಣ್ಯ ಕಾವಲುಗಾರರಿಗೆ ಸಮಜಾಯಿಷಿ ಕೊಡುತ್ತ ನಿಂತಿದ್ದೇನೆ. ತಪ್ಪು ನನ್ನದೇ. ಕೇಳಬೇಕಾದವರನ್ನು ಕೇಳದೆ ಹೋಗಿದ್ದೆ.

ಯಾವ ತಿಂಗಳು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳವನ್ನು ಮನೆಯಲ್ಲೇ ಇಡಿ. ಮುಂಗಾರಿನ ಕೆಂಪು ನೀರಿನಲ್ಲಿ ಮೀನು ಮೊಟ್ಟೆಯಿಡಲು ಮೇಲಕ್ಕೆ ಹತ್ತುತ್ತದೆ. ಮಲೆನಾಡಿನವರು ಇದನ್ನು ಹತ್ತುಮೀನು ಎನ್ನುತ್ತಾರೆ. ಮೊಟ್ಟೆ ತುಂಬಿದ ಒಂದು ಮೀನನ್ನು ಆಗ ಹಿಡಿದರೆ ಸಾವಿರಾರು ಮರಿಗಳನ್ನು ಹಿಡಿದಂತೆ.

ಅಕ್ಟೋಬರ್, ನವೆಂಬರ್‌ನಲ್ಲಿ ನೀರು ತಿಳಿಯಾಗುತ್ತ ಬರುತ್ತದೆ, ಆದರೆ ಹಿಂಗಾರಿನ ಒಂದೇ ಮಳೆಗೆ ಮತ್ತೆ ಕದಡುತ್ತದೆ. ಹೊಳೆಗೆ ನಿಜವಾದ ಕಾಲ ಡಿಸೆಂಬರ್‌ನಿಂದ ಮಾರ್ಚ್. ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದು ಮೀನು ಮಡುಗಳಲ್ಲಿ ಸೇರುವುದರಿಂದ ಸಿಗುವುದು ಸುಲಭ. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ಸೋತ ಮೀನು ಚೇತರಿಸಿಕೊಳ್ಳುವುದು ಕಷ್ಟ. ಆ ಎರಡು ತಿಂಗಳು ನಾನು ಬಿಳಿಮೀನಿಗೆಂದು ಬೆಳಗ್ಗೆ ಎರಡು ತಾಸು ಮಾತ್ರ ಹೊಳೆಯಲ್ಲಿರುತ್ತೇನೆ. ಬಿಸಿಲೇರಿದ ಮೇಲೆ ಗಾಳ ಮಡಚುತ್ತೇನೆ.

ತೋಟದ ಕೆರೆಯ ಲೆಕ್ಕ ಬೇರೆ. ಫೆಬ್ರುವರಿ, ಮಾರ್ಚ್‌ನಲ್ಲಿ ರೊಬಸ್ಟಾ ಹೂ ಅರಳಿಸಲು ತೋಟದವರು ಕೆರೆಯಿಂದ ಪಂಪ್ ಹಾಕಿ ಸ್ಪ್ರಿಂಕ್ಲರ್ ಹಾಯಿಸುತ್ತಾರೆ. ವಾರದೊಳಗೆ ಕೆರೆ ಅರ್ಧಕ್ಕೆ ಇಳಿದಿರುತ್ತದೆ. ಪಂಪ್ ಓಡುತ್ತಿರುವ ದಿನ ಮೀನು ಬಾಯಿ ಬಿಡುವುದಿಲ್ಲ. ಹೊರಡುವ ಮೊದಲು ಫೋನ್ ಮಾಡಿ ‘ಹೂವಿಗೆ ನೀರು ಹಾಯಿಸುವುದು ಮುಗಿಯಿತೇ?’ ಎಂದು ಕೇಳಿ. ಈ ಪ್ರಶ್ನೆ ಕೇಳಿದವರನ್ನು ತೋಟದವರು ಬೇರೆಯೇ ಗೌರವದಿಂದ ಕಾಣುತ್ತಾರೆ.

ಸಾಮಾನು

ಮೂರು ಜೊತೆ ಬೇಕು, ಆದರೆ ಮೂರನ್ನೂ ಒಂದೇ ದಿನ ಕೊಳ್ಳಬೇಡಿ.

ಕೆರೆಗೆ 9ರಿಂದ 10 ಅಡಿಯ ಹಗುರವಾದ ಗಾಳದ ಕೋಲು, ಸಣ್ಣ ಸ್ಪಿನ್ನಿಂಗ್ ರೀಲ್, 4ರಿಂದ 5 ಕಿಲೋ ತೂಕ ತಡೆಯುವ ನೈಲಾನ್ ದಾರ, 10 ಅಥವಾ 12ನೇ ನಂಬರಿನ ಗಾಳ, ಬೆಂಡು, ಸಣ್ಣ ಸೀಸದ ಗುಂಡುಗಳು. ನವಿಲುಗರಿಯ ದಂಟಿನಿಂದ ಮಾಡಿದ ಹಳೆಯ ಬೆಂಡು ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ. ಅಂಗಡಿಯ ಪ್ಲಾಸ್ಟಿಕ್ ಬೆಂಡಿಗಿಂತ ಅದು ಸೂಕ್ಷ್ಮ.

ಕಾವೇರಿಯಲ್ಲಿ ರಾಗಿ ಎರೆ ಹಾಕುವುದಕ್ಕೆ ಗಟ್ಟಿಯಾದ ಕೋಲು, 200 ಮೀಟರ್ ದಾರ ಹಿಡಿಯುವ ರೀಲ್, 15ರಿಂದ 20 ಕಿಲೋ ತಡೆಯುವ ದಾರ ಬೇಕು. ತೆಳುವಾದ ದಾರದಲ್ಲಿ ದೊಡ್ಡ ಮೀನು ಹಿಡಿಯುವುದನ್ನು ಕೆಲವರು ಶೌರ್ಯ ಎಂದುಕೊಳ್ಳುತ್ತಾರೆ. ದಾರ ಕಡಿದುಹೋದರೆ ಗಾಳವನ್ನು ಬಾಯಲ್ಲಿಟ್ಟುಕೊಂಡು ಬದುಕಬೇಕಾದದ್ದು ಮೀನು.

ಫ್ಲೈಗೆ, ಎಂದರೆ ಗರಿ, ನೂಲು ಕಟ್ಟಿ ಹುಳದಂತೆ ಮಾಡಿದ ಗಾಳಕ್ಕೆ, 9 ಅಡಿಯ, 8ನೇ ತೂಕದ ರಾಡ್ ಮತ್ತು ತೇಲುವ ದಪ್ಪ ದಾರ, ಅದೇ ಲೈನ್. ಇಲ್ಲಿ ತೂಕದ ಸಂಖ್ಯೆ ರಾಡ್ ಎಷ್ಟು ಭಾರದ ಲೈನಿಗೆ ಹೊಂದುತ್ತದೆ ಎಂಬುದರ ಅಳತೆ. ಸಣ್ಣ ಮೀನು, ಸಣ್ಣ ನೀರಿಗೆ 5ನೇ ತೂಕ ಸಾಕು.

ಎಲ್ಲದರ ಜೊತೆ ಒಂದು ಚೂಪು ಮೂತಿಯ ಇಕ್ಕಳ. ಪ್ರತಿಯೊಂದು ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಮುಳ್ಳನ್ನು ಇಕ್ಕಳದಿಂದ ಅದುಮಿ ಮಟ್ಟಸ ಮಾಡಿಬಿಡಿ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ. ಬಿಡಿಸುವಾಗ ಅದರ ತುಟಿಯೂ ಹರಿಯುವುದಿಲ್ಲ, ನಿಮ್ಮ ಬೆರಳಿಗೆ ಚುಚ್ಚಿದರೂ ಆಸ್ಪತ್ರೆಗೆ ಓಡಬೇಕಾಗುವುದಿಲ್ಲ.

ಮೊದಲ ನೀರು: ತೋಟದ ಕೆರೆ

ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ಸುಂಟಿಕೊಪ್ಪದ ಸುತ್ತ ಕೆರೆಯಿರುವ ಹೋಮ್‌ಸ್ಟೇಗಳು ಬೇಕಾದಷ್ಟಿವೆ. ಕೆರೆಗಳಲ್ಲಿ ಸಾಮಾನ್ಯವಾಗಿ ಬಿಟ್ಟಿರುವುದು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ. ಯಾರೂ ಬಿಡದೆ ಬಂದು ಸೇರಿರುವುದು ಜಿಲೇಬಿ ಮೀನು, ಎಂದರೆ ತಿಲಾಪಿಯಾ. ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ಮತ್ತು ಗೆಂಡೆ ತಳದಲ್ಲಿ ಮೇಯುತ್ತವೆ. ಎರೆಯನ್ನು ಎಷ್ಟು ಆಳಕ್ಕೆ ಬಿಡಬೇಕೆಂಬುದಕ್ಕೆ ಇದಿಷ್ಟೇ ಆಧಾರ.

ಮೊದಲು ಆಳ ಅಳೆಯಿರಿ. ಗಾಳದ ತುದಿಗೆ ಭಾರವಾದ ಸೀಸದ ಗುಂಡೊಂದನ್ನು ಸಿಕ್ಕಿಸಿ, ಗಾಳ ಹಾಕಬೇಕೆಂದಿರುವ ಜಾಗಕ್ಕೆ ಬಿಡಿ. ಬೆಂಡು ಪೂರ್ತಿ ಮುಳುಗಿದರೆ ಬೆಂಡನ್ನು ದಾರದ ಮೇಲಕ್ಕೆ ಸರಿಸಿ, ಅಡ್ಡ ಮಲಗಿದರೆ ಕೆಳಕ್ಕೆ ಸರಿಸಿ. ಬೆಂಡಿನ ತುದಿ ಮಾತ್ರ ಕಾಣುವಂತಾದಾಗ ಗಾಳ ತಳ ಮುಟ್ಟಿದೆ ಎಂದು ಅರ್ಥ. ಹೊಸಬರಲ್ಲಿ ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ಎರಡಡಿ ಮೇಲೆ ಎರೆ ತೂಗಾಡುತ್ತಿರುತ್ತದೆ, ಕೆಳಗೆ ಗೆಂಡೆಗಳು ಮೇಯುತ್ತಿರುತ್ತವೆ.

ಆಮೇಲೆ ಮೇವು. ಒಂದು ಕಿಲೋ ಅಕ್ಕಿ ತೌಡು, ಕಾಲು ಕಿಲೋ ನೆನೆಸಿದ ಕಡಲೆಕಾಯಿ ಹಿಂಡಿ, ಒಂದು ಅಚ್ಚು ಬೆಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರಿಗೆ ಬಿದ್ದ ಮೇಲೆ ನಿಧಾನವಾಗಿ ಬಿಚ್ಚಿಕೊಳ್ಳಬೇಕು. ಕಿತ್ತಳೆ ಗಾತ್ರದ ನಾಲ್ಕೈದು ಉಂಡೆಗಳನ್ನು ಒಂದೇ ಜಾಗಕ್ಕೆ ಹಾಕಿ, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸುಮ್ಮನಿರಿ. ತಳದಿಂದ ಸಣ್ಣ ಗುಳ್ಳೆಗಳು ಗೊಂಚಲಾಗಿ ಏಳತೊಡಗಿದರೆ ಗೆಂಡೆ ಬಂದು ಕೆಸರು ಕೆದಕುತ್ತಿದೆ ಎಂದು ತಿಳಿಯಿರಿ. ಗಾಳಕ್ಕೆ ಎರೆಹುಳು, ಬೇಯಿಸಿದ ಮೆಕ್ಕೆಜೋಳದ ಕಾಳು ಅಥವಾ ಚಪಾತಿ ಹಿಟ್ಟಿನ ಪುಟ್ಟ ಉಂಡೆ.

ಇನ್ನು ಬೆಂಡನ್ನು ನೋಡುವುದು. ಟಕಟಕನೆ ಕುಣಿದು ನಿಂತರೆ ಜಿಲೇಬಿ ಮೀನು ಎರೆಯ ಅಂಚು ಕೀಳುತ್ತಿದೆ, ಎಳೆಯಬೇಡಿ. ಬೆಂಡು ಮುಳುಗುವ ಬದಲು ಮೇಲೆದ್ದು ಪಕ್ಕಕ್ಕೆ ಮಲಗಿದರೆ ತಳದಲ್ಲಿದ್ದ ಎರೆಯನ್ನು ಸೀಸದ ಸಮೇತ ಯಾವುದೋ ಮೀನು ಎತ್ತಿಕೊಂಡಿದೆ. ಬಹುತೇಕ ಅದು ಗೆಂಡೆ, ಆಗ ಕೈ ಎತ್ತಿ. ಬೆಂಡು ಓರೆಯಾಗಿ ಜಾರುತ್ತ ನೀರೊಳಗೆ ಮರೆಯಾದರೆ ರೋಹು. ನಾನು ಕಲಿಯುತ್ತಿದ್ದಾಗ ಸಿದ್ದಾಪುರದ ಬಳಿಯ ತೋಟದ ಹಿರಿಯರೊಬ್ಬರು ನನ್ನಿಂದ ಕೋಲನ್ನೇ ಕಿತ್ತುಕೊಂಡು, ಅರ್ಧ ದಿನ ಬೆಂಡನ್ನು ಮಾತ್ರ ನೋಡಿ ಮೀನಿನ ಹೆಸರು ಹೇಳಿಸಿದ್ದರು. ‘ಹೆಸರು ಹೇಳಲು ಬಂದ ಮೇಲೆ ಕೋಲು ಕೊಡುತ್ತೇನೆ’ ಎಂದಿದ್ದರು. ಸಂಜೆ ಕೊಟ್ಟರು.

ಕೆರೆಯಲ್ಲಿ ಹಿಡಿದ ಮೀನನ್ನು ಮಾಲೀಕರು ಒಪ್ಪಿದರೆ ಅಡುಗೆಗೆ ತರಬಹುದು. ಜಿಲೇಬಿ ಮೀನನ್ನಂತೂ ಧಾರಾಳವಾಗಿ ತನ್ನಿ, ಹೊರಗಿನಿಂದ ಬಂದು ನಮ್ಮ ನೀರಿನಲ್ಲಿ ಮಿತಿಮೀರಿ ಹೆಚ್ಚಿರುವ ಮೀನು ಅದು. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಯಾವ ಕಾರಣಕ್ಕೂ ಮತ್ತೆ ನೀರಿಗೆ ಬಿಡಬೇಡಿ. ಸಾಕುವುದನ್ನೇ ನಿಷೇಧಿಸಿರುವ ಮೀನು ಅದು.

ಎರಡನೆಯ ನೀರು: ಚಿಕ್ಲಿಹೊಳೆ ಮತ್ತು ಹಾರಂಗಿ

ಚಿಕ್ಲಿಹೊಳೆ ಸಣ್ಣ ಜಲಾಶಯ. ಸುತ್ತಲಿನ ಕಾಡಿನ ಹೆಸರು ಮೀನುಕೊಲ್ಲಿ. ಕೊಲ್ಲಿ ಎಂದರೆ ಇಲ್ಲಿ ತೊರೆ. ಹೆಸರಿನಲ್ಲೇ ಮೀನಿರುವ ಕಾಡಿನ ಅಂಚಿನಲ್ಲಿ ಕುಳಿತು ಗಾಳ ಹಾಕುವುದು ನನಗೆ ಬಹಳ ಇಷ್ಟ. ಆದರೆ ಅದು ಆನೆಗಳ ಕಾಡು. ಸಂಜೆ ಐದರ ನಂತರ ಅಲ್ಲಿ ಇರಬೇಡಿ.

ಜಲಾಶಯದಲ್ಲಿ ಮುಖ್ಯವಾದದ್ದು ಗಾಳಿಯ ದಿಕ್ಕು. ಗಾಳಿ ಬೀಸಿದಾಗ ನೀರಿನ ಮೇಲಿನ ಸೂಕ್ಷ್ಮ ಜೀವಿಗಳು, ಬಿದ್ದ ಹುಳುಗಳೆಲ್ಲ ಎದುರು ದಂಡೆಗೆ ಹೋಗಿ ಸೇರುತ್ತವೆ, ಕಾಟ್ಲಾ ಅಲ್ಲಿಗೇ ಹೋಗುತ್ತದೆ. ಮುಖಕ್ಕೆ ಗಾಳಿ ಹೊಡೆಯುವ ದಂಡೆಯಲ್ಲಿ ಕೂರುವುದು ಅಷ್ಟೇನೂ ಹಿತವಲ್ಲ, ಆದರೂ ಮೀನಿರುವುದು ಆ ಕಡೆಯೇ. ಎರಡನೆಯದು ಮುಳುಗಿದ ಹಳೆಯ ಹಳ್ಳದ ಜಾಡು. ಬೇಸಿಗೆಯಲ್ಲಿ ನೀರು ಇಳಿದಾಗ ಬಂದು ಆ ಜಾಡಿನ ಫೋಟೊ ತೆಗೆದಿಟ್ಟುಕೊಂಡರೆ, ಡಿಸೆಂಬರ್‌ನಲ್ಲಿ ಮೀನು ಯಾವ ದಾರಿಯಲ್ಲಿ ಓಡಾಡುತ್ತದೆ ಎಂಬ ನಕ್ಷೆ ನಿಮ್ಮ ಮೊಬೈಲಿನಲ್ಲೇ ಇರುತ್ತದೆ.

ಹಾರಂಗಿ ದೊಡ್ಡದು, ಕುಶಾಲನಗರಕ್ಕೆ ಹತ್ತಿರ. ಅಣೆಕಟ್ಟಿನ ಬಳಿ ಮೀನುಗಾರಿಕೆ ಇಲಾಖೆ ಮಹಶೀರ್ ಮರಿಗಳನ್ನು ಬೆಳೆಸುವ ಕೇಂದ್ರವಿದೆ. ಮಕ್ಕಳೊಂದಿಗೆ ಹೋದವರು ಆ ಮರಿಗಳನ್ನು ನೋಡಲು ಸಾಧ್ಯವೇ ಎಂದು ಕೇಳಿ ನೋಡಿ. ಅಣೆಕಟ್ಟಿನ ಕೆಳಗಿನ ಹೊಳೆಗೆ ಮಾತ್ರ ಇಳಿಯಬೇಡಿ. ಗೇಟು ತೆರೆದರೆ ನಿಮಿಷಗಳಲ್ಲಿ ನೀರು ಏರುತ್ತದೆ.

ಕಾವೇರಿಯನ್ನು ಓದುವುದು

ಬೆಂಗಳೂರಿನಿಂದ ಕುಶಾಲನಗರ ಸುಮಾರು 220 ಕಿಲೋಮೀಟರ್. ಅಲ್ಲಿಂದ ಸಿದ್ದಾಪುರದ ರಸ್ತೆ ಹಿಡಿದು, ನಂಜರಾಯಪಟ್ಟಣ ದಾಟಿದರೆ ವಾಲ್ನೂರು. ಹೊಳೆ ಇಲ್ಲಿ ಬಂಡೆಗಳ ನಡುವೆ ಓಡಿ, ಮಡುವಾಗಿ ನಿಂತು, ಮತ್ತೆ ಓಡುತ್ತದೆ. ಎರಡೂ ದಂಡೆಗೆ ಅತ್ತಿ, ಹೊಳೆಮತ್ತಿ, ನೇರಳೆ ಮರಗಳು ಬಾಗಿವೆ.

ದಂಡೆಗೆ ಬಂದ ಕೂಡಲೇ ಗಾಳ ಹಾಕಬೇಡಿ. ಎತ್ತರದ ಬಂಡೆಯ ಹಿಂದೆ ಕುಳಿತು ಕಾಲು ಗಂಟೆ ನೋಡಿ. ರಭಸವಾಗಿ ಓಡುವ ನೀರು ಮಡುವಿಗೆ ಬಿದ್ದು ನಿಧಾನವಾಗುವ ಜಾಗದಲ್ಲಿ ಒಂದು ಗೆರೆ ಕಾಣುತ್ತದೆ: ಒಂದು ಕಡೆ ನೊರೆ ಓಡುತ್ತಿರುತ್ತದೆ, ಇನ್ನೊಂದು ಕಡೆ ಎಲೆಗಳು ನಿಧಾನವಾಗಿ ಸುತ್ತುತ್ತಿರುತ್ತವೆ. ಬಿಳಿಮೀನು ನಿಧಾನದ ನೀರಿನಲ್ಲಿ ನಿಂತು, ಓಡುವ ನೀರು ಹೊತ್ತು ತರುವ ಆಹಾರವನ್ನು ಕಾಯುತ್ತದೆ. ಬೆಳಗ್ಗೆ ಮತ್ತು ಸಂಜೆ ಅದು ಗೆರೆಯ ಮೇಲ್ತುದಿಗೆ, ಓಟದ ಹತ್ತಿರಕ್ಕೆ ಬರುತ್ತದೆ. ಮಧ್ಯಾಹ್ನ ಮಡುವಿನ ಆಳಕ್ಕೆ ಇಳಿಯುತ್ತದೆ.

ಎರಡನೆಯ ಜಾಗ ಮುಳುಗಿದ ಬಂಡೆಯ ಮುಂಭಾಗ. ಎಲ್ಲರೂ ಬಂಡೆಯ ಹಿಂದೆ ಹುಡುಕುತ್ತಾರೆ. ನೀರು ಬಂಡೆಗೆ ಬಡಿದು ಹಿಂದೆ ಸರಿಯುವ ಮೆತ್ತನೆಯ ಜಾಗ ಮುಂದೆಯೂ ಇದೆ, ದೊಡ್ಡ ಮೀನಿಗೆ ಅದು ಅಚ್ಚುಮೆಚ್ಚು.

ಮೂರನೆಯದು ಹಣ್ಣಿನ ಮರ. ಅತ್ತಿಹಣ್ಣು ನೀರಿಗೆ ಬೀಳುವ ಕಾಲದಲ್ಲಿ ಮರದ ಕೆಳಗೆ ಸುಮ್ಮನೆ ಕುಳಿತು ಕಿವಿಗೊಡಿ. ‘ಟುಬುಕ್’ ಎಂದು ಹಣ್ಣು ಬಿದ್ದ ಸದ್ದು, ಅದರ ಹಿಂದೆಯೇ ‘ಗುಳುಂ’ ಎಂಬ ಇನ್ನೊಂದು ಸದ್ದು. ಎರಡನೆಯದು ಮೀನಿನದು. ಕರ್ನಾಟಿಕ್ ಕಾರ್ಪ್ ಎಂದು ಕರೆಯುವ ನಮ್ಮ ಹೊಳೆಯ ದೊಡ್ಡ ಗೆಂಡೆಗೆ ಹಣ್ಣೆಂದರೆ ಪ್ರಾಣ, ಬಿಳಿಮೀನೂ ಬಿಡುವುದಿಲ್ಲ. ಒಂದು ಅತ್ತಿಹಣ್ಣನ್ನೇ ಗಾಳಕ್ಕೆ ಚುಚ್ಚಿ, ಸೀಸವಿಲ್ಲದೆ, ಬೆಂಡಿಲ್ಲದೆ, ಮರಕ್ಕಿಂತ ಮೇಲಿನ ಹರಿವಿನಿಂದ ತೇಲಿಬಿಡಿ. ನನಗೆ ಇದಕ್ಕಿಂತ ಸುಂದರವಾದ ಮೀನುಗಾರಿಕೆ ಗೊತ್ತಿಲ್ಲ.

ರಾಗಿ ಎರೆ ಮಾಡುವ ಬಗೆ

ಕಾವೇರಿಯ ಬಿಳಿಮೀನಿಗೆ ರಾಗಿಯೇ ಹಳೆಯ ಎರೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರ್‌ನ ಕಥೆ ಕೇಳಿ ಬೆಳೆದವರು ದೊಡ್ಡ ಮೀನಿಗೆ ದುಬಾರಿ ಎರೆ ಬೇಕೆಂದುಕೊಳ್ಳುತ್ತಾರೆ. ಅಡುಗೆಮನೆಯಲ್ಲಿರುವುದೇ ಸಾಕು.

ಅರ್ಧ ಕಿಲೋ ರಾಗಿ ಹಿಟ್ಟಿಗೆ ತಣ್ಣೀರು ಹಾಕಿ ರೊಟ್ಟಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಮುಷ್ಟಿ ಗಾತ್ರದ ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಟ್ಟು ಅರ್ಧ ಗಂಟೆ ಬೇಯಿಸಿ. ತೆಗೆದು ಮುರಿದು ನೋಡಿದರೆ ಹೊರಗೆ ಕಪ್ಪು ಮಿರುಗು, ಒಳಗೆ ಇನ್ನೂ ಹಸಿ ಬಣ್ಣ ಇರುತ್ತದೆ. ಬಿಸಿ ಇರುವಾಗಲೇ, ಕೈಗೆ ನೀರು ಮುಟ್ಟಿಸಿಕೊಳ್ಳುತ್ತ ಎರಡನ್ನೂ ಸೇರಿಸಿ ಮತ್ತೆ ನಾದಬೇಕು. ಅಂಗೈ ಸುಡುತ್ತದೆ, ಆದರೆ ಆರಿದ ಮೇಲೆ ನಾದಿದರೆ ಎರೆ ಬಿರುಕು ಬಿಡುತ್ತದೆ. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ತುಂಬಿಕೊಂಡರೆ ಹದ ಬಂದಿದೆ. ಮುದ್ದೆಯ ಹದ ಬೇಡ. ಮುದ್ದೆ ನುಂಗಲು ಸಲೀಸಾಗಿರಬೇಕು, ಎರೆ ಹೊಳೆಯ ಎಳೆತಕ್ಕೆ ಅರ್ಧ ಗಂಟೆ ತಡೆಯಬೇಕು. ಕೆಲವರು ಬೆಲ್ಲ, ಇಂಗು, ಸೋಂಪು ಸೇರಿಸುತ್ತಾರೆ. ನಾನು ಏನೂ ಸೇರಿಸುವುದಿಲ್ಲ, ವ್ಯತ್ಯಾಸವೂ ಕಂಡಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಎರಡು ದಿನ ಬರುತ್ತದೆ.

ಗಾಳದ ಸುತ್ತ ನಿಂಬೆಹಣ್ಣಿನ ಗಾತ್ರಕ್ಕೆ ಎರೆ ಕಟ್ಟಿ. ಗಾಳದ ಮೊನೆ ಒಂದಿಷ್ಟು ಹೊರಗಿರಲಿ. ಅದನ್ನು ಓಡುವ ನೀರಿಗೂ ನಿಧಾನದ ನೀರಿಗೂ ನಡುವಿನ ಆ ಗೆರೆಯ ಮೇಲ್ತುದಿಗೆ ಎಸೆದು, ಹರಿವು ತಾನಾಗಿಯೇ ಉರುಳಿಸಿಕೊಂಡು ಹೋಗಿ ನಿಲ್ಲಿಸಿದ ಜಾಗದಲ್ಲಿ ಬಿಡಿ. ದಾರವನ್ನು ತೋರುಬೆರಳ ಮೇಲೆ ಇಟ್ಟುಕೊಳ್ಳಿ. ಸಣ್ಣ ಮೀನು ಕುಟುಕುವುದು ಮಳೆಹನಿ ಬಿದ್ದಂತೆ ಅನಿಸುತ್ತದೆ. ಏಡಿ ಹಿಡಿದರೆ ದಾರ ಒಂದೇ ಸಮ ಭಾರವಾಗುತ್ತದೆ. ಬಿಳಿಮೀನು ಬಂದರೆ ಅನುಮಾನಕ್ಕೆ ಎಡೆಯಿರುವುದಿಲ್ಲ, ಕೋಲು ಕೈಯಿಂದ ಹೊರಟೇಹೋಗುತ್ತದೆ. ಕೋಲನ್ನು ಬಂಡೆಗೆ ಒರಗಿಸಿಟ್ಟು ತಿಂಡಿ ತಿನ್ನಲು ಹೋಗಬೇಡಿ ಎನ್ನುವುದು ಅದಕ್ಕೇ.

ಫ್ಲೈ

ಫ್ಲೈ ಎಂದರೆ ಗಾಳಕ್ಕೆ ಗರಿ, ನೂಲು, ರೋಮ ಕಟ್ಟಿ ಹುಳದ ಅಥವಾ ಮರಿಮೀನಿನ ವೇಷ ಹಾಕಿಸುವುದು. ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ಎಸೆಯುವುದು ಫ್ಲೈಯನ್ನಲ್ಲ, ದಪ್ಪನೆಯ ಲೈನನ್ನು. ಲೈನು ಹೋದ ಕಡೆ ಫ್ಲೈ ಹಿಂಬಾಲಿಸುತ್ತದೆ. ಇದು ಮನಸ್ಸಿಗೆ ಹಿಡಿದರೆ ಅರ್ಧ ಕೆಲಸ ಆದಂತೆ.

ಮನೆಯ ಮುಂದಿನ ಕಣದಲ್ಲೋ ಮೈದಾನದಲ್ಲೋ ಗಾಳದ ಬದಲು ಕೆಂಪು ಉಣ್ಣೆಯ ತುಂಡು ಕಟ್ಟಿ ಅಭ್ಯಾಸ ಮಾಡಿ. ನಿಮ್ಮ ತಲೆಯ ಪಕ್ಕದಲ್ಲಿ ಗಡಿಯಾರವಿದೆ ಎಂದುಕೊಳ್ಳಿ. ರಾಡನ್ನು ಮುಂದಿನ ಹತ್ತರಿಂದ ಹಿಂದಿನ ಒಂದರವರೆಗೆ ಎಳೆದು ನಿಲ್ಲಿಸಿ. ಲೈನು ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಮತ್ತೆ ಹತ್ತಕ್ಕೆ ತಂದು ನಿಲ್ಲಿಸಿ. ಆ ಕಾಯುವ ಕ್ಷಣದಲ್ಲೇ ಎಲ್ಲರೂ ಎಡವುತ್ತಾರೆ. ಛಾಟಿ ಬೀಸಿದ ಸದ್ದು ಕೇಳಿದರೆ ನೀವು ಆತುರಪಟ್ಟಿದ್ದೀರಿ. ಕಾವೇರಿ ದಂಡೆಯಲ್ಲಿ ಬೆನ್ನ ಹಿಂದೆ ಮರಗಳಿರುವುದರಿಂದ ರೋಲ್ ಕಾಸ್ಟ್ ಕೂಡ ಕಲಿತಿರಬೇಕು. ಲೈನನ್ನು ಹಿಂದಕ್ಕೆ ಹಾರಿಸದೆ, ನೀರಿನ ಮೇಲೇ ನಿಧಾನವಾಗಿ ಭುಜದವರೆಗೆ ಎಳೆದುಕೊಂಡು, ಮುಂದಕ್ಕೆ ಸುರುಳಿಯಾಗಿ ಉರುಳಿಸುವುದು ಅದು. ಒಣ ನೆಲದಲ್ಲಿ ಇದು ಬರುವುದಿಲ್ಲ, ಕೆರೆಯ ಮೇಲೆ ಕಲಿಯಿರಿ.

ಹೊಳೆಯಲ್ಲಿ ಬಿಳಿಮೀನಿಗೆ ಕಂದು, ಪಾಚಿ ಹಸಿರು ಬಣ್ಣದ, ಒಂದು ಬೆರಳುದ್ದದ ಫ್ಲೈ ಸಾಕು. ನೀರಿನ ಓಟ ಮುಗಿಯುವ ಜಾಗದಲ್ಲಿ ನಿಂತು ಓರೆಯಾಗಿ ಕೆಳಹರಿವಿನ ಕಡೆಗೆ ಎಸೆಯಿರಿ. ಹರಿವು ಫ್ಲೈಯನ್ನು ಬಿಲ್ಲಿನಾಕಾರದಲ್ಲಿ ಎಳೆದುಕೊಂಡು ಬಂದು ನಿಮ್ಮ ಕೆಳಗೆ ನಿಲ್ಲಿಸುತ್ತದೆ. ನಿಂತ ಮೇಲೆ ಕೂಡಲೇ ಎತ್ತಬೇಡಿ, ಎರಡು ಉಸಿರು ಕಾಯಿರಿ. ಎಷ್ಟೋ ಮೀನುಗಳು ಹಿಂಬಾಲಿಸಿ ಬಂದು ಆ ಕೊನೆಯಲ್ಲೇ ಬಾಯಿ ಹಾಕುತ್ತವೆ. ಹಿಡಿದಾಗ ರಾಡ್ ಮೇಲೆತ್ತದೆ, ಎಡಗೈಯಲ್ಲಿ ಲೈನನ್ನು ಗಟ್ಟಿಯಾಗಿ ಎಳೆದು ಗಾಳ ನಾಟಿಸಿ.

ಏಪ್ರಿಲ್ ಕೊನೆಯಲ್ಲಿ ಮೊದಲ ಮಳೆ ಬಿದ್ದ ಸಂಜೆ ಈಸಲು ಹುಳುಗಳು ಏಳುತ್ತವಲ್ಲ, ಆ ಒಂದು ಗಂಟೆಗಾಗಿ 5ನೇ ತೂಕದ ರಾಡ್ ಸಿದ್ಧವಾಗಿರಲಿ. ನೀರಿನ ಮೇಲೆ ಬಿದ್ದ ಹುಳುಗಳಿಗೆ ಸಣ್ಣ ಮೀನುಗಳೆಲ್ಲ ಮೇಲೇಳುತ್ತವೆ. ತೇಲುವ ಕಂದು ಫ್ಲೈ ಒಂದನ್ನು ಅವುಗಳ ನಡುವೆ ಇಳಿಸಿದರೆ ಅಂಗೈಯುದ್ದದ ಬೆಳ್ಳಿ ಮೀನು ಗಾಳಿಗೆ ಹಾರಿ ಹಿಡಿಯುತ್ತದೆ.

ಮೀನು ಕೈಗೆ ಬಂದ ಮೇಲೆ

ಕಾವೇರಿಯಲ್ಲಿ ಎರಡು ಬಗೆಯ ಬಿಳಿಮೀನುಗಳಿವೆ. ನೀಲಿ ರೆಕ್ಕೆಯದನ್ನು 1970ರ ದಶಕದಿಂದ ಲೋಣಾವಳದ ಮರಿ ಕೇಂದ್ರದಲ್ಲಿ ಬೆಳೆಸಿ ಹಲವು ಹೊಳೆಗಳಿಗೆ ಬಿಟ್ಟರು, ಕಾವೇರಿಗೂ ಬಂತು. ಇನ್ನೊಂದು ಇಲ್ಲಿಯದೇ, ಬೆನ್ನಿನ ಮೇಲೆ ಡುಬ್ಬವಿರುವ, ರೆಕ್ಕೆಗಳಲ್ಲಿ ಕಿತ್ತಳೆ ಛಾಯೆಯ ಮೀನು. ಪ್ರಪಂಚದಲ್ಲಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ಇದಕ್ಕೆ ಟೋರ್ ರೆಮಾದೇವಿಯೈ ಎಂಬ ಸರಿಯಾದ ವೈಜ್ಞಾನಿಕ ಹೆಸರು ಗುರುತಾದದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಅತಿ ಅಪಾಯದ ಸಾಲಿಗೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಕೈತಪ್ಪುತ್ತಿದೆ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಡುಬ್ಬದ ಮೀನು ಸಿಕ್ಕರೆ ಎತ್ತಲೇಬೇಡಿ. ನೀರಲ್ಲೇ ಗಾಳ ಬಿಡಿಸಿ, ಜಾಗವನ್ನು ಗುರುತಿಟ್ಟುಕೊಂಡು ವನ್ಯಜೀವಿ ಸಂಘಕ್ಕೆ ತಿಳಿಸಿ.

ಯಾವ ಬಿಳಿಮೀನಾದರೂ ಹಿಂದಕ್ಕೆ ಬಿಡಲೇಬೇಕು. ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು, ಅಲ್ಲಿ ಬೂಷ್ಟು ಹಿಡಿಯುತ್ತದೆ. ಮೊಣಕಾಲುದ್ದದ ನೀರಿನಲ್ಲಿ ನಿಂತು, ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಎದೆಯ ಕೆಳಗೆ ಕೊಡಿ. ಅದರ ಬಾಯಿಯ ಅಂಚಿನಲ್ಲಿ ಹಲ್ಲಿಲ್ಲ, ಕಚ್ಚುವುದಿಲ್ಲ. ಹಲ್ಲುಗಳಿರುವುದು ಗಂಟಲಲ್ಲಿ, ಬಸವನಹುಳು, ಏಡಿಗಳನ್ನು ಅರೆಯುವುದು ಅಲ್ಲೇ. ಗಾಳ ಗಂಟಲಿಗಿಳಿದಿದ್ದರೆ ಬೆರಳು ಹಾಕದೆ ದಾರವನ್ನು ಹತ್ತಿರಕ್ಕೆ ಕತ್ತರಿಸಿ.

ಫೋಟೊಗೆಂದು ಎತ್ತುವುದಾದರೆ ನಿಮ್ಮ ಉಸಿರನ್ನೂ ಬಿಗಿಹಿಡಿಯಿರಿ. ನಿಮಗೆ ಉಸಿರು ಬೇಕೆನಿಸಿದಾಗ ಅದಕ್ಕೂ ಬೇಕು. ವರ್ಷಗಳ ಹಿಂದೆ ನಾನು ಒಂದು ಚಂದದ ಮೀನನ್ನು ಹಿಡಿದು, ಬೆಳಕು ಸರಿಯಿಲ್ಲವೆಂದು ಗೆಳೆಯನಿಂದ ಮೂರು ಸಲ ಫೋಟೊ ತೆಗೆಸಿಕೊಂಡೆ. ಬಿಟ್ಟಾಗ ಅದು ಮಗ್ಗುಲಾಗಿ ತೇಲಿತು. ಜೊತೆಗಿದ್ದ ವಾಲ್ನೂರಿನ ಹಿರಿಯರು ಒಂದು ಮಾತೂ ಆಡದೆ ನೀರಿಗಿಳಿದು, ಅದರ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು ನಿಂತರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕಿವಿರು ಒಮ್ಮೆ ತೆರೆದುಕೊಂಡಿತು, ಆಮೇಲೆ ಅಷ್ಟೂ ಇಲ್ಲ. ಆ ಫೋಟೊಗಳನ್ನು ನಾನು ಉಳಿಸಿಕೊಂಡಿಲ್ಲ.

ಅವರು ಮಾಡಿದ್ದೇ ಸರಿಯಾದ ವಿಧಾನ: ಮೂತಿ ಹರಿವಿಗೆ ಎದುರು, ಕೈ ಸಡಿಲ, ಮುಂದೆ ಹಿಂದೆ ತಳ್ಳುವುದು ಬೇಡ. ಮೀನು ತಾನಾಗಿಯೇ ಬಾಲ ಬೀಸಿ ನಿಮ್ಮ ಕೈಯಿಂದ ಬಿಡಿಸಿಕೊಂಡು ಹೋಗಬೇಕು. ನೀವು ಬಿಡಬಾರದು.

ಆನೆ, ನೀರು, ತೋಟೆ

ನಸುಕಿನಲ್ಲಿ ತೋಟದ ದಾರಿಯಲ್ಲಿ ಒಬ್ಬರೇ ನಡೆಯಬೇಡಿ. ಹಿಂದಿನ ರಾತ್ರಿ ಆನೆ ಎಲ್ಲಿತ್ತು ಎಂದು ತೋಟದ ಲೆಕ್ಕ ಬರೆಯುವ ರೈಟರನ್ನೋ ಕೆಲಸದವರನ್ನೋ ಕೇಳಿ. ಅವರು ಬೇಡ ಎಂದರೆ ಆ ದಿನ ಬೇಡ. ಆಕಾಶ ಶುಭ್ರವಾಗಿದ್ದರೂ ಭಾಗಮಂಡಲದ ಕಡೆ ಮಳೆಯಾದರೆ ಕೆಳಗೆ ನೀರು ಏರುತ್ತದೆ. ದಂಡೆಯಲ್ಲಿ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ, ಅದು ಮುಳುಗತೊಡಗಿದರೆ ಮೇಲೆ ಬನ್ನಿ. ಪಾಚಿ ಹಿಡಿದ ಬಂಡೆಯ ಮೇಲೆ ಬೂಟು ಜಾರುತ್ತದೆ, ಲೈಫ್ ಜಾಕೆಟ್ ತೊಡಲು ನಾಚಿಕೆ ಬೇಡ.

ದೂರದಲ್ಲಿ ಮಂದವಾದ ಸ್ಫೋಟದ ಸದ್ದು ಕೇಳಿದರೆ, ಅಥವಾ ಸಣ್ಣ ಮರಿಗಳು ಗುಂಪಾಗಿ ಸತ್ತು ತೇಲುತ್ತಿದ್ದರೆ, ಯಾರೋ ಮೀನು ಕೊಲ್ಲಲು ನೀರಿನಲ್ಲಿ ತೋಟೆ, ಎಂದರೆ ಸಿಡಿಮದ್ದು, ಸಿಡಿಸಿದ್ದಾರೆ ಅಥವಾ ವಿಷ ಹಾಕಿದ್ದಾರೆ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅದು ಅಪರಾಧ. ನೀವೇ ಜಗಳಕ್ಕೆ ಹೋಗಬೇಡಿ, ಸಮಯ ಮತ್ತು ಜಾಗ ಬರೆದುಕೊಂಡು ಸಂಘಕ್ಕೂ ಮೀನುಗಾರಿಕೆ ಇಲಾಖೆಗೂ ಕೂಡಲೇ ತಿಳಿಸಿ. ನಿಯಮ ಪಾಲಿಸುವ ಗಾಳದವರು ದಂಡೆಯಲ್ಲಿ ಓಡಾಡುತ್ತಿದ್ದರೆ ತೋಟೆಯವರು ಆ ಕಡೆ ಸುಳಿಯಲು ಹೆದರುತ್ತಾರೆ.

ಹೊರಡುವ ಮೊದಲು ದಂಡೆಯಲ್ಲಿ ಬಿದ್ದಿರುವ ನೈಲಾನ್ ದಾರವನ್ನು ಹುಡುಕಿ. ನಿಮ್ಮದು ಮಾತ್ರವಲ್ಲ, ಬೇರೆಯವರದ್ದನ್ನೂ. ಆ ಮಡುಗಳಲ್ಲಿ ನೀರುನಾಯಿಗಳಿವೆ, ಬಾಗಿದ ಕೊಂಬೆಗಳಲ್ಲಿ ಮಿಂಚುಳ್ಳಿಗಳು ಕೂರುತ್ತವೆ, ಕಾಲಿಗೆ ಸುತ್ತಿಕೊಂಡ ದಾರವನ್ನು ಬಿಡಿಸಿಕೊಳ್ಳಲು ಅವಕ್ಕೆ ಕೈಗಳಿಲ್ಲ. ನಾನು ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ ಒಯ್ಯುತ್ತೇನೆ, ಸಿಕ್ಕ ದಾರವನ್ನೆಲ್ಲ ಸುತ್ತಿ ಅದಕ್ಕೆ ತುಂಬುತ್ತೇನೆ. ಮನೆಗೆ ಬಂದ ಮೇಲೆ ಗೇಣುದ್ದದ ತುಂಡುಗಳಾಗಿ ಕತ್ತರಿಸಿ ಕಸಕ್ಕೆ ಹಾಕುತ್ತೇನೆ. ಕಳೆದ ಫೆಬ್ರುವರಿಯಲ್ಲಿ ಎರಡು ದಿನಕ್ಕೆ ಬಾಟಲಿ ತುಂಬಿತ್ತು.